ಸರಾಸರಿ

ಮೂಗುತಿ ತೆಗೆಯಿರಿ ಅಂದರು.
ಹದಿನೆಂಟು ವರ್ಷ ಕೂತದ್ದು, ಸುಲಭದಲ್ಲಿ ಬರುವುದುಂಟೆ?
ಸಾಬೂನು ಹಚ್ಚಿ, ತಿರುಗಿಸಿ ತಿರುಗಿಸಿ
ನರ್ಸು ನನ್ನ ಅಂಗೈಗೆ ಹಾಕಿದಳು.
ಬರಿಮೂಗಿನಲ್ಲಿ ಜಲಜಾಕ್ಷಿ ಒಳಗೆ ಹೋದಳು.

ಇದು ಮದ್ದಲ್ಲ, ಸಂಶೋಧನೆ, ಮೊದಲೇ ಹೇಳಿದ್ದರು.
ಬಸ್ಸಿನ ದುಡ್ಡು, ಮಧ್ಯಾಹ್ನದ ಊಟ.
ಸಹಿ ಅವಳದ್ದೇ ಬೇಕು.
ಮೂರು ಭಾಷೆಯ ಕಾಗದಗಳಲ್ಲಿ
ಕನ್ನಡದ್ದನ್ನು ಹುಡುಕಿ ಹಾಕಿದಳು, ತಲೆಕಟ್ಟು ದೀರ್ಘ ಬಿಡದೆ.

ಕೇಳುವ ದನಿಗಳು ಯಾವ ಭಾಷೆಯವು?
ಕರೆಯುವುದು ತುಳುವಿನಲ್ಲಿ, ಅಂದಳು.
ಲೆಕ್ಕ ಕೇಳುವುದು ಶಾಲೆಯ ಕನ್ನಡದಲ್ಲಿ.
ಮಲಯಾಳದ ಒಬ್ಬಳಿದ್ದಾಳೆ, ಪಾಪದವಳು,
ಬಸ್ಸಿನ ಬೋರ್ಡು ಓದುತ್ತಾಳೆ, ಅಷ್ಟೆ.

ಡಾಕ್ಟರಮ್ಮ ಚಿತ್ರ ಬರೆದರು:
ಇದು ಬೂದು ಭಾಗ. ಇದು ಬಿಳಿ ಭಾಗ.
ಬಿಳಿಯದ್ದೆಂದರೆ ಬರೀ ವಯರು,
ಇಲ್ಲಿಂದಲ್ಲಿಗೆ, ಮೇಲೊಂದು ಕೊಬ್ಬಿನ ಹೊದಿಕೆ.
ಹೊದಿಕೆ ಸವೆದರೆ ಏನಾಗುತ್ತದೆ ಅಂದರೆ...
ನಾನು ಲೈನ್‌ಮ್ಯಾನ್ ಮೇಡಂ, ಅಂದೆ.
ಅವರು ಪೆನ್ನು ಕೆಳಗಿಟ್ಟರು.

ಕಾಗದದಲ್ಲಿ ಗೆರೆ ಏರಿ ಇಳಿದು ಏರಿ
ಒಂದು ಕಡೆ ದೊಡ್ಡ ಗುಡ್ಡ.
ಅದೊಂದು ರಾಸಾಯನಿಕವಂತೆ, ನರಗಳು ಗಟ್ಟಿಯಿದ್ದರೆ ಎತ್ತರ.
ಈ ಕಾಯಿಲೆಯವರಲ್ಲಿ ಕೂದಲೆಳೆಯಷ್ಟು ತಗ್ಗು.
ಇವಳದ್ದು?
ಹಾಗೆ ಹೇಳಲಿಕ್ಕಾಗದು.
ನೂರು ಮಂದಿಯನ್ನು ಕೂಡಿಸಿ ಭಾಗಿಸಿದರೆ ಕಾಣುತ್ತದೆ,
ಒಬ್ಬೊಬ್ಬರಲ್ಲಿ ಕಾಣದು.

ಕಂಬದಲ್ಲಾದರೆ ಟೆಸ್ಟರು ಇಟ್ಟು ನೋಡಬಹುದಿತ್ತು.
ಉಳಿದ ತೊಂಬತ್ತೊಂಬತ್ತು ಮಂದಿಯ ಅಣ್ಣಂದಿರು
ಯಾವ ಬಸ್ಸಿಗೆ ಬಂದರೋ, ಏನು ಕೈಯಲ್ಲಿ ಹಿಡಿದು ಕಾದರೋ.

ಬರುವಾಗ ತಲಪಾಡಿ ದಾಟಿತು ಬಸ್ಸು.
ಅದೊಂದು ವರ್ಷ ಇದೇ ರಸ್ತೆಗೆ ಮಣ್ಣು ಸುರಿದಿದ್ದರು.
ಆಚೆಯ ಮದ್ದು ಆಚೆಯೇ ಉಳಿದು
ಇವಳು ಹನ್ನೊಂದು ದಿನ ನಿದ್ದೆಯಿಲ್ಲದೆ
ಬಾವಿಯ ರಾಟೆಯೊಡನೆ ಜಗಳ ಕಾದಿದ್ದಳು.
ದಾರಿ ಕಡಿದರೆ ಎಂತಾಗುತ್ತದೆಂದು
ನಮಗೆ ಯಾರೂ ಚಿತ್ರ ಬರೆದು ಹೇಳಬೇಕಿಲ್ಲ.

ಒಳಗೆ ಹೆದರಿಕೆಯಾಯಿತಾ, ಕೇಳಿದೆ.
ಇಲ್ಲ ಮಾರಾಯ.
ಆ ಮಿಷಿನು ಹೊಡೆದ ಬೊಬ್ಬೆಗೆ
ಅವರೆಲ್ಲ ಬಾಯಿ ಮುಚ್ಚಿದರು. ನಲವತ್ತು ನಿಮಿಷ!
ಅವರಿಗೇ ಹೆದರಿಕೆಯಾಯಿತೋ ಏನೋ.
ಉಪ್ಪಳ ಬರುವವರೆಗೂ ಕಿಟಕಿಗೆ ತಲೆಯಾನಿಸಿ ನಕ್ಕಳು.

ಮೂಗುತಿ ಫ್ಯೂಸ್ ತಂತಿಯ ಡಬ್ಬಿಯಲ್ಲಿ ಉಂಟು ಇನ್ನೂ.
ಹಾಕುತ್ತೀಯಾ ಅಂದರೆ, ನಾಳೆ, ಅನ್ನುತ್ತಾಳೆ.

ನಿನ್ನೆ ರಾತ್ರಿ ಗಾಳಿಗೆ ಬಂದ್ಯೋಡಿನಲ್ಲಿ ಲೈನು ಬಿತ್ತು.
ಕೂಡಿಸಿ, ಕಂಬದಿಂದಿಳಿದು, ಮನೆಗೆ ಫೋನು ಮಾಡಿದೆ.
ಬಂತಾ?
ಬಂತು, ಅಂದಳು.
ಮತ್ತೆ ಫೋನಿನಿಂದ ಮುಖ ತಿರುಗಿಸಿ, ಮೆಲ್ಲಗೆ:
ನಾನು ಹೇಳಿದೆನಲ್ಲ, ಅಣ್ಣ ಸರಿ ಮಾಡ್ತಾನೆ ಅಂತ.

ಮನೆಯಲ್ಲಿ ಅವಳೊಬ್ಬಳೇ ಇದ್ದದ್ದು.
ಯಾರಿಗೆ ಹೇಳಿದ್ದೆಂದು ನಾನು ಕೇಳಲಿಲ್ಲ.