ತಕ್ಕಡಿಯ ಮುಳ್ಳು

ಅವನ ಹೆಸರು ಫೈಬಿಷ್ ಕ್ರೋಟೋಷಿನ್. ನಮ್ಮ ನಾಲಗೆ
ಹೊರಳಲಿಲ್ಲ; ಕ್ರಾಟನ್ ಅಂದೆವು. ಒಪ್ಪಿಕೊಂಡ.
ಓಟಾಗೋದ ಚಿನ್ನದ ಹೊಳೆಗೆ ನಾವೆಲ್ಲ ಗುದ್ದಲಿ ಹೊತ್ತು ಬಂದರೆ
ಅವನು ತಂದದ್ದು ಗುದ್ದಲಿಯ ಕಾವು,
ಮೂವತ್ತು ಡಜನ್.

ಕ್ಯಾನ್ವಾಸ್ ಗೋಡೆ, ಎರಡು ಪೀಪಾಯಿಯ ಮೇಲೊಂದು ಹಲಗೆ,
ಹಲಗೆಯ ಮೇಲೆ ತಕ್ಕಡಿ.
ಚಿನ್ನದ ಪುಡಿ ಸುರಿಯುವಾಗ ಉಸಿರು ಬಿಗಿಹಿಡಿಯುತ್ತಿದ್ದ,
ಯಾರದೋ ರಾತ್ರಿಯೂಟ ಹಾರಿಹೋದೀತೆಂದು.
ಶನಿವಾರ ಅಂಗಡಿ ಮುಚ್ಚುತ್ತಿದ್ದ. ಅದೊಂದಕ್ಕೆ ಬೈದೆವು.

ನನ್ನ ಗಂಡನನ್ನು ಹೊಳೆ ಒಯ್ದ ಚಳಿಗಾಲ
ಉದ್ದರಿ ಪುಸ್ತಕದಲ್ಲಿ ನಮ್ಮ ಬಾಕಿ ಹನ್ನೊಂದು ಪೌಂಡು.
ಹೊಡೆದುಹಾಕಿದ ಅನ್ನುತ್ತದೆ ಊರು;
ಮೊನ್ನೆ ಅವನ ಗೋರಿಯ ಬಳಿ ಭಾಷಣದಲ್ಲೂ ಅಂದರು.
ಸುಳ್ಳು. ಹಿಟ್ಟಿನ ಚೀಲ ಹೊಲಿಸಿ ತೀರಿಸಿಕೊಂಡ,
ಚೀಲಕ್ಕೆ ಅರ್ಧ ಪೆನ್ನಿ, ಸೂಜಿ ಅವನದೇ.
ನಾನು ತಲೆಯೆತ್ತಿ ನಡೆದೆ.

ಸೇತುವೆ ಬೇಕಾದಾಗ ಅವನನ್ನೇ ಮೇಯರ್ ಮಾಡಿದೆವು.
ಗುತ್ತಿಗೆದಾರ ಇಳಿಸಿದ ಕಲ್ಲನ್ನು
ನಡುರಾತ್ರಿ ಲಾಟೀನು ಹಿಡಿದು ತಾನೇ ಎಣಿಸಿದ.
ಆಮೇಲೆ ವೆಲ್ಲಿಂಗ್ಟನ್, ಪಾರ್ಲಿಮೆಂಟು, ಉದ್ದ ಕೋಟು.
ಅಲ್ಲಿ ಅವನ ಮಾತನ್ನು ಅಣಕಿಸಿ ನಗುತ್ತಿದ್ದರಂತೆ.
"ನಗಲಿ ಬಿಡು, ಬಾಯಿ ತೆರೆದಾಗ
ಹುಳುಕು ಹಲ್ಲೆಷ್ಟು ಎಣಿಸಬಹುದು" ಅಂದ.

ಚೀನೀಯರ ತಲೆಗೆ ಹತ್ತು ಪೌಂಡು ತೆರಿಗೆ, ಮಸೂದೆ ಬಂದ ದಿನ
ಹೌದೆಂಬ ಬಾಗಿಲಿಗೆ ಹೋಗಲಿಲ್ಲ ಅವನು,
ಅಲ್ಲವೆಂಬ ಬಾಗಿಲಿಗೂ ಹೋಗಲಿಲ್ಲ.
ಮೂರನೆಯದು ಬೀದಿಯ ಬಾಗಿಲು.
ಕೆಮ್ಮು ಅಂತ ಪತ್ರಿಕೆಯಲ್ಲಿ ಬಂತು.

ಅವನು ಊರಿಗೆ ಮರಳಿದ ವಾರ ಲೌ ಷಿಂಗ್ ಬಂದ,
ಹದಿನೈದು ವರ್ಷದ ಗಿರಾಕಿ.
ಅಕ್ಕಿಯ ಬಾಕಿ, ಬೂಟಿನ ಬಾಕಿ, ಎಲ್ಲ ಪುಡಿಯಲ್ಲೇ ತೂಗಿ ಕೊಟ್ಟ,
ಒಂದು ಗುಲಗಂಜಿ ಹೆಚ್ಚೇ.
ಹೆಚ್ಚಾದದ್ದನ್ನು ಕ್ರಾಟನ್ ಹಿಂದಕ್ಕೆ ತಳ್ಳಿದ.
ಷಿಂಗ್ ಮುಟ್ಟಲಿಲ್ಲ. ಟೊಪ್ಪಿ ಹಾಕಿಕೊಂಡ.
ಮತ್ತೆ ಬರಲೂ ಇಲ್ಲ.
ಮೂಲೆಯಲ್ಲಿ ನಾನು, ಆ ಹೊತ್ತಿಗೆ ಸಂಬಳಕ್ಕೆ ಹೊಲಿಯುವವಳು,
ದಾರ ಕಡಿಯುವುದನ್ನೂ ಮರೆತು ಕೂತಿದ್ದೆ.
ಸಂಜೆ ದೀಪ ಹಚ್ಚುವವರೆಗೂ
ಆ ಚಿಟಿಕೆ ಪುಡಿ ಹಲಗೆಯ ಮೇಲೇ ಇತ್ತು.

ಹರಾಜಿನಲ್ಲಿ ತಕ್ಕಡಿ ನಾನು ಕೊಂಡೆ, ನಾಲ್ಕು ಷಿಲಿಂಗು.
ಚಹಾಪುಡಿ ತೂಗುತ್ತೇನೆ, ಬೇರೇನಿಲ್ಲ.
ತಟ್ಟೆ ಎರಡೂ ಖಾಲಿಯಿದ್ದಾಗಲೂ ಮುಳ್ಳು
ಕೂದಲೆಳೆಯಷ್ಟು ಎಡಕ್ಕೆ.
ಗಾಡಿಯಲ್ಲಿ ತರುವಾಗ ಬಿದ್ದು ಹಾಗಾಯಿತೋ,
ಮೊದಲಿನಿಂದಲೂ ಹಾಗೇ ಇತ್ತೋ.