ಮುಂದೆ ಹೋದವರು ಕಂಡದ್ದು

ತುಲಾ ಸಂಕ್ರಮಣ ಕಳೆದು ಒಂದು ವಾರ.
ಕಕ್ಕಬ್ಬೆಯ ಗೇಟಿನಲ್ಲಿ ಬೆಳ್ಯಪ್ಪ ರಿಜಿಸ್ಟರು ತೆರೆದ:
ಹೆಸರು, ಊರು, ಪ್ಲಾಸ್ಟಿಕ್ ಬಾಟಲಿ ಎಷ್ಟು.
ಮೈಸೂರಿನ ಹಾಸ್ಟೆಲಿನವರು ಎಂಟು ಜನ,
ಎಂಟನೆಯವಳು ಐಕಾಂಡೆ,
ಊರು ಮೋಶಿ, ಕಿಲಿಮಂಜಾರೋ ಬುಡ.
'ಮೋಶಿ ಅಂದ್ರೆ ನಮ್ಮ ಮಾತಲ್ಲಿ ಹೊಗೆ' ಅಂದಳು,
ಮೂರು ವರ್ಷದ ಮೈಸೂರು ಕನ್ನಡದಲ್ಲಿ.
ಬೆಳ್ಯಪ್ಪ ತಲೆಯೆತ್ತಿ ಮಂಜು ಹೊದ್ದ ಬೆಟ್ಟ ನೋಡಿ
ಹಾಗೇ ಬರೆದುಕೊಂಡ.

ಎಲ್ಲರೂ ಕೇಳುವುದನ್ನೇ ಇವರೂ ಕೇಳಿದರು:
ಆನೆ ಸಿಗ್ತದಾ?
ಸಿಗಲು ಅದೇನು ಸಂತೆಯ ಕುಂಬಳವೇ?
ಹಾಗೆ ಹೇಳಲಿಲ್ಲ. ಹೊಟ್ಟೆಪಾಡು.
'ಅದೃಷ್ಟ ಇದ್ದರೆ' ಅಂದೆ,
ಸಿಗದಿರುವುದೇ ಅದೃಷ್ಟ ಎಂದು ಒಳಗೇ ಸೇರಿಸಿಕೊಂಡು.

ಹೊಗೆಸೊಪ್ಪು, ಉಪ್ಪು ಕಟ್ಟಿದ ಬಟ್ಟೆಯ ಗಂಟನ್ನು
ಒಬ್ಬೊಬ್ಬರ ಬೂಟಿಗೂ ಒತ್ತುತ್ತ ಹೋದೆ.
ಜಿಗಣೆ ಪಾಸ್‌ಪೋರ್ಟ್ ಕೇಳುವುದಿಲ್ಲ.
ಎಲೆಯ ತುದಿಯಲ್ಲಿ ಎದ್ದು ನಿಂತು, ಗಾಳಿ ಮೂಸಿ,
ಬಂದವರನ್ನೆಲ್ಲ ಒಂದೇ ಸಮ ಬಯಸುತ್ತದೆ.

ದೊಡ್ಡ ಬಂಡೆ ದಾಟಿದರೆ ಶೋಲೆಯ ನೆರಳು,
ಬಾವಿಯೊಳಗೆ ಇಳಿದ ಹಾಗೆ ತಣ್ಣಗೆ.
ಸಿಳ್ಳಾರವೊಂದು
ರಾಗ ಮರೆತ ಹುಡುಗನಂತೆ ಅರ್ಧ ಊದಿ ನಿಲ್ಲಿಸಿತು.
ಕೆಸರಿನಲ್ಲಿ ಕಾಟಿಯ ಗೊರಸು,
ಗೊರಸಿನಲ್ಲಿ ನೀರು,
ನೀರಿನ ಕದಡು ಇನ್ನೂ ಇಳಿದಿರಲಿಲ್ಲ.
ನಾನು ನೋಡಿದೆ, ಹೇಳಲಿಲ್ಲ.
ಹಿಂದಿನಿಂದ ಅವಳೂ ನೋಡಿದಳು, ಹೇಳಲಿಲ್ಲ.
ಆಗ ಗೊತ್ತಾಯಿತು, ಇವಳು ಬೆಟ್ಟದವಳು.

ಮೇಲೆ ಕೊಂಬೆ ಕುಲುಕಿತು.
ಕರಿಮುಸುವ. ಮೈಯೆಲ್ಲ ಇದ್ದಿಲು,
ತಲೆಗೆ ಮಾತ್ರ ಜೇನು ಸುರಿದಂತೆ.
'ಎಂಬೇಗಾ!' ಅಂದಳು ಐಕಾಂಡೆ, ಉಸಿರಿನಲ್ಲೇ.
'ನಮ್ಮಲ್ಲೂ ಉಂಟು. ಹೆಗಲಿಂದ ಬಿಳಿ ಶಾಲು,
ಬಾಲಕ್ಕೆ ಬಿಳಿ ಕುಚ್ಚು, ಮದುವೆಗೆ ಹೊರಟ ಹಾಗೆ.'
'ಇದು ಕೆಲಸಕ್ಕೆ ಹೊರಟದ್ದು' ಅಂದೆ.
ಅಷ್ಟರಲ್ಲಿ ಏಳು ಫೋನುಗಳು ಮೇಲೆದ್ದವು.
ಮುಸುವ ಒಮ್ಮೆ ಗದರಿ,
ಹಸಿರಿಗೆ ತೂತು ಮಾಡಿಕೊಂಡು ಹೋಯಿತು.

ಏರಿನಲ್ಲಿ ಮಾತು ತುಂಡು ತುಂಡಾಗಿ ಬಂತು.
ಅವಳಪ್ಪ ಹೊರೆಯಾಳು. ತಲೆಯ ಮೇಲೆ ಇಪ್ಪತ್ತು ಕೇಜಿ,
ಬಂದ ಗಿರಾಕಿಗಳಿಗಿಂತ ಮೊದಲು ಮುಟ್ಟಿ
ಡೇರೆ ಹಾಕಬೇಕು, ನೀರು ಕಾಯಿಸಬೇಕು.
ಹಾಗಾಗಿ ಬೆಟ್ಟದ ಪ್ರಾಣಿಗಳೆಲ್ಲ ಮೊದಲು ಅವನಿಗೆ:
ಮೂತಿಯ ಮೇಲೆ ಎರಡು ಕೊಂಬಿನ ಗೋಸುಂಬೆ,
ಹಾರಿದಾಗ ಮಾತ್ರ ರೆಕ್ಕೆಯ ಕೆಂಪು ತೋರುವ ಹಕ್ಕಿ,
ಎತ್ತಿನ ಗಾತ್ರದ ಜಿಂಕೆ, ಮರವೇ ಇಲ್ಲದ ಎತ್ತರದಲ್ಲಿ,
ಚೀಲದ ಜಿಪ್ ಎಳೆದು ಬಿಸ್ಕತ್ತು ಕದಿಯುವ,
ಕುತ್ತಿಗೆಗೆ ಬಿಳಿ ಪಟ್ಟಿಯ ಕಾಗೆ.
'ಸಂಜೆ ಅವರು ಕೇಳ್ತಾರೆ, ದಾರಿಯಲ್ಲಿ ಏನಾದ್ರೂ ಕಂಡೆಯಾ?
ಇಲ್ಲ ಅಂತಾನೆ ಅಪ್ಪ.
ಕಂಡೆ ಅಂದ್ರೆ ಅವರ ಮುಖ ಸಣ್ಣದಾಗ್ತದೆ,
ಟಿಪ್ಸೂ.'

'ನೀನು ಹತ್ತಿದ್ದೀಯಾ?'
'ಇಲ್ಲ. ಕಾಫಿ ತೋಟದಿಂದ ದಿನಾ ಕಾಣ್ತದೆ.'
'ನಿಮ್ಮಲ್ಲೂ ಕಾಫಿಯಾ?'
'ಬಾಳೆಯ ನೆರಳಲ್ಲಿ.'
'ನಮ್ಮದು ಹಲಸು, ಅತ್ತಿಯ ನೆರಳಲ್ಲಿ' ಅಂದೆ.
ನಮ್ಮದು ಅಂದರೆ, ನಾನು ಕೂಲಿಗೆ ಹೋದ ತೋಟ.
ಅದನ್ನು ವಿವರಿಸಲಿಲ್ಲ.
ಅವಳೂ ತೋಟ ಯಾರದೆಂದು ಹೇಳಿರಲಿಲ್ಲ.

ತುದಿಯಲ್ಲಿ ಗಾಳಿ, ಬಾಗಿದ ಹುಲ್ಲು,
ಆಚೆ ಕೇರಳದ ಕಡೆ ಬರೀ ಬಿಳಿ.
ಚಪಾತಿ ಸುರುಳಿ ತಿಂದು, ಫೋಟೋ ತೆಗೆದು, ಇಳಿದೆವು.
ಏಳು ಮಂದಿ ಹಿಂದೆ ಹಾಡುತ್ತಿದ್ದರು.
ಶೋಲೆಯ ಅಂಚಿನ ತಿರುವಿನಲ್ಲಿ
ಎಮ್ಮೆ ಕೊಟ್ಟಿಗೆಯ ವಾಸನೆ.
ಕೈ ಎತ್ತಿದೆ.

ಹನ್ನೆರಡು ಮಾರು ದೂರದಲ್ಲಿ ಕಾಟಿ.
ನಾಲ್ಕು ಕಾಲಿಗೂ ಬಿಳಿ ಕಾಲುಚೀಲ,
ಹೊಟ್ಟೆಗೆ ಅಂಟಿಕೊಂಡು ಕಂದು ಕರು.
ಅದು ನಮ್ಮನ್ನು ನೋಡಿದ ರೀತಿ
ಮನೆಯಾಕೆ ಬಾಗಿಲಲ್ಲಿ ನಿಂತು
ಗುರುತಿಲ್ಲದವರನ್ನು ನೋಡುವ ರೀತಿ,
ಬನ್ನಿ ಅನ್ನದೆ, ಹೋಗಿ ಅನ್ನದೆ.
ಕರು ಕಿವಿ ಒದರಿತು.
ಹಾಡು ಹತ್ತಿರವಾಯಿತು.
ಅಷ್ಟು ದೊಡ್ಡ ಮೈ
ಒಂದು ಕಡ್ಡಿಯನ್ನೂ ಮುರಿಯದೆ ಕಾಡಾಯಿತು.

ಏಳು ಮಂದಿ ತಿರುವಿಗೆ ಬಂದು,
'ಯಾಕೆ ನಿಂತ್ರಿ? ಏನಾದ್ರೂ ಕಂಡ್ರಾ?'
ನಾನು ಬಾಯಿ ತೆರೆಯುವ ಮೊದಲೇ
'ಇಲ್ಲ' ಅಂದಳು ಐಕಾಂಡೆ,
ಅವಳಪ್ಪನ ಧ್ವನಿ ಹೀಗೇ ಇರಬೇಕು.

ಗೇಟಿನಲ್ಲಿ ಸಂಜೆ ಬಾಟಲಿಗಳ ಲೆಕ್ಕ ಸರಿಹೋಯಿತು.
ಬೆಳ್ಯಪ್ಪ ಕೊನೆಯ ಕಾಲಂ ತೋರಿಸಿದ: ಕಂಡ ಪ್ರಾಣಿಗಳು.
ಅವಳು ಬೂಟು ಬಿಚ್ಚಿ, ಕೂತು,
ಕಾಲ್ಬೆರಳ ಸಂದಿಯಿಂದ ಉಬ್ಬಿದ್ದೊಂದನ್ನು ಬಿಡಿಸುತ್ತಿದ್ದಳು.
ಪೆನ್ನು ತೆಗೆದುಕೊಂಡು ಬರೆದೆ:
ಮುಸುವ, ಒಂದು.
ಜಿಗಣೆ, ಲೆಕ್ಕವಿಲ್ಲ.