ವಿಟ್ಬಿಗೆ ಬರುವ ಬೀಗರಿಗೆ

ಶುಕ್ರವಾರವೇ ಬನ್ನಿ. ಮೊದಲು ಹೊಟ್ಟೆ:
ಸೇತುವೆ ದಾಟಿ ಎಡಕ್ಕೆ, ಮಾರ್ಜರಿಯ ಅಂಗಡಿ.
ಮೀನು ಮುಟ್ಟದವರಿಗೆ ಬಟಾಣಿ ಗೊಜ್ಜಿದೆ,
ಸಪ್ಪೆಯೆನಿಸಿದರೆ ಅವಳನ್ನೇ ಕೇಳಿ —
ಚಂಪಕ್ಕನ ಮಿಡಿ ಉಪ್ಪಿನಕಾಯಿ ಅಲ್ಲೇ ಇಟ್ಟಿದ್ದೇವೆ.
ಪೊಟ್ಟಣ ಬಿಚ್ಚುವಾಗ ಆಕಾಶದ ಮೇಲೊಂದು ಕಣ್ಣಿರಲಿ;
ಇಲ್ಲಿನ ಕಡಲಕ್ಕಿಗೆ ಬೀಗರೆಂಬ ಮರ್ಯಾದೆಯಿಲ್ಲ.

ಆಮೇಲೆ ನೂರಾ ತೊಂಬತ್ತೊಂಬತ್ತು ಮೆಟ್ಟಿಲು. ಎಣಿಸಿ.
ರೋರಿಯ ಲೆಕ್ಕಕ್ಕೆ ಇನ್ನೂರು, ನನ್ನದಕ್ಕೆ ಎರಡು ಕಡಿಮೆ.
ಮಂಡಿನೋವಿನವರಿಗೆ ನಡುವೆ ಬೆಂಚುಗಳುಂಟು —
ಹಿಂದೆ ಹೆಣದ ಪೆಟ್ಟಿಗೆ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದರಂತೆ.
ಮದುವೆ ಓಲೆಯಲ್ಲಿ ಬರೆಯುವ ಮಾತಲ್ಲ, ಬಿಡಿ.

ಅಂಥದೊಂದು ಬೆಂಚಿನ ಬಳಿ, ಹೋದ ಮಾರ್ಚಿನಲ್ಲಿ,
ಬೂಟಿನ ಲಾಡಿಗೆಂದು ಬಗ್ಗಿದವನು
ಏಳಲೇ ಇಲ್ಲ.
ನನ್ನ ಹೂಂ ಗಾಳಿಗೆ ಹೋಯಿತು.
ಮತ್ತೆ ಕೂಗಿದೆ.
ಕೆಳಗೆ ಬಲೆ ಹೊಲಿಯುತ್ತಿದ್ದ ಮುದುಕ
ತಲೆಯೆತ್ತಿ ಟೋಪಿ ತೆಗೆದ.

ಹೆಸರು ಗೊತ್ತಿಲ್ಲ. ಕಂಡರೆ
ನೀವೇ ಕರೆದುಬಿಡಿ.